ಹೊಣೆ ಹೊತ್ತಲ್ಲಿ ಬೆಳೆಯುವ ನಾಯಕತ್ವ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ನಾಡಿನ ಕ್ರೈಸ್ತ ಧರ್ಮಕೇಂದ್ರಗಳಲ್ಲಿ ಯುವಜನರ ನಾಯಕತ್ವ ಶಿಬಿರಗಳು ಏರ್ಪಡುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಥೋಲಿಕ ಧರ್ಮಕೇಂದ್ರಗಳಲ್ಲಿ ಶಾಲಾ ವಿದ್ಯಾರ್ಥಿಗಳಿಗೆ ವೈ.ಸಿ.ಎಸ್. (ಯುವ ಕ್ರೈಸ್ತ ವಿದ್ಯಾರ್ಥಿಗಳ ಚಳವಳಿ), ಅವರಿಗಿಂತ ದೊಡ್ಡವರಿಗೆ ಐ.ಸಿ.ವೈ.ಎಂ. (ಭಾರತೀಯ ಕಥೋಲಿಕ ಯುವಚಳವಳಿ) ಎಂದು ಘಟಕಗಳಿವೆ; ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಯುವಜನ ಸಂಘಗಳಿವೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನಿಟ್ಟುಕೊಂಡಿರುವ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ 1912ರಿಂದಲೂ ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸಮಾಡುತ್ತ ಬಂದಿದೆ. ಇಂಥ ಶಿಬಿರಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳ ಅಪೇಕ್ಷೆ ಸಾಮಾನ್ಯವಾಗಿ ಒಂದೇ: ಹುಡುಗನ ಸಂಕೋಚ ಬಿಡಲಿ, ಹುಡುಗಿಗೆ ನಾಲ್ಕು ಜನರೆದುರು ನಿಂತು ಮಾತನಾಡುವ ಧೈರ್ಯ ಬರಲಿ. ಅಪೇಕ್ಷೆ ಯೋಗ್ಯವಾದುದೇ. ಅದನ್ನು ಈಡೇರಿಸುವ ಮಾರ್ಗವಾಗಿ ನಾವು ಇತ್ತೀಚಿನ ವರ್ಷಗಳಲ್ಲಿ ಹಿಡಿದಿರುವ ದಾರಿ ಮಾತ್ರ ಯೋಗ್ಯವಾದುದೆಂದು ನನಗೆ ತೋರದು. ಎರಡು ದಿನಗಳ ಶಿಬಿರ, ಪಟ್ಟಣದಿಂದ ಬಂದ ತರಬೇತುದಾರ, ಗೋಡೆಯ ಮೇಲೆ ಬೀಳುವ ಚಿತ್ರಗಳು, ವ್ಯಕ್ತಿತ್ವ ವಿಕಾಸದ ಸೂತ್ರಗಳು, ಕಡೆಗೆ ಒಂದು ಪ್ರಮಾಣಪತ್ರ: ಇಷ್ಟರಿಂದ ನಾಯಕನು ಹುಟ್ಟುವನೆಂದು ನಂಬುವುದಾದರೆ, ಈ ಚಳವಳಿಗಳನ್ನು ಕಟ್ಟಿದವರು ತಮ್ಮ ಆಯುಷ್ಯವನ್ನು ಅಷ್ಟೊಂದು ಸವೆಸಬೇಕಾಗಿರಲಿಲ್ಲ.

ನನ್ನ ಅಭಿಪ್ರಾಯವಿಷ್ಟು. ಕ್ರೈಸ್ತ ಯುವಚಳವಳಿಗಳು ತಮ್ಮ ಶ್ರೇಷ್ಠ ಕಾಲದಲ್ಲಿ ತರುಣರನ್ನು ಬೆಳೆಸಿದ್ದು ಇನ್ನೊಬ್ಬರ ಕಷ್ಟವನ್ನು ಕಣ್ಣಾರೆ ಕಾಣುವಂತೆ ಮಾಡಿ, ಅದರ ಪರಿಹಾರದ ಹೊಣೆಯನ್ನು ಅವರ ಹೆಗಲಿಗೇ ಬಿಟ್ಟು, ಹಿರಿಯರು ಹಿಂದೆ ಸರಿದು ನಿಂತುದರಿಂದ. ಆ ಕ್ರಮ ನಮ್ಮಲ್ಲಿ ಇನ್ನೂ ಜೀವಂತವಾಗಿರುವ ಕಡೆಗಳಲ್ಲಿ ಅದನ್ನು ಉಳಿಸಿಕೊಳ್ಳಬೇಕು, ನಿಂತುಹೋಗಿರುವ ಕಡೆಗಳಲ್ಲಿ ಮತ್ತೆ ಹಿಡಿಯಬೇಕು.

ಆ ಕ್ರಮಕ್ಕೆ ಒಂದು ಸ್ಪಷ್ಟವಾದ ರೂಪವನ್ನು ಕೊಟ್ಟವನು ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡೈನ್. ಈತನು 1882ರಲ್ಲಿ ಬ್ರಸೆಲ್ಸಿನ ಪಕ್ಕದ ಸ್ಖಾರ್‌ಬೇಕ್‌ನಲ್ಲಿ ಬಡಕುಟುಂಬದಲ್ಲಿ ಹುಟ್ಟಿ, ಗುರುವಾಗಬೇಕೆಂಬ ಹಂಬಲದಿಂದ ಗುರುಮಠವನ್ನು ಸೇರಿದಾಗ ಅವನ ಓರಗೆಯ ಹುಡುಗರೆಲ್ಲ ಕಾರ್ಖಾನೆಗಳನ್ನು ಸೇರಿದ್ದರು. ರಜೆಗೆಂದು ಊರಿಗೆ ಮರಳಿದ ಅವನು, ಒಂದೇ ಬೀದಿಯಲ್ಲಿ ಆಡಿ ಬೆಳೆದ ಆ ಗೆಳೆಯರು ತನ್ನನ್ನು ಕಂಡು ಮೊಗ ತಿರುಗಿಸುವುದನ್ನೂ, ಧರ್ಮಸಭೆಯೆಂಬುದು ಉಳ್ಳವರ ಪಕ್ಷವೆಂದು ಅವರು ನಿಶ್ಚಯಿಸಿಕೊಂಡಿರುವುದನ್ನೂ ಕಂಡು ತಲ್ಲಣಿಸಿದನು. ಮಗನ ಓದಿಗಾಗಿ ಮೈಮುರಿದು ದುಡಿದ ತಂದೆ 1903ರಲ್ಲಿ ತೀರಿಕೊಂಡಾಗ, ಆ ಮರಣಶಯ್ಯೆಯ ಬಳಿಯಲ್ಲಿ ತನ್ನ ಬಾಳನ್ನು ದುಡಿಯುವ ವರ್ಗಕ್ಕೆ ಮುಡಿಪಾಗಿಡುವೆನೆಂದು ಅವನು ಸಂಕಲ್ಪ ತೊಟ್ಟನೆಂದು ಅವನ ಚರಿತ್ರೆಯನ್ನು ಬರೆದವರೆಲ್ಲರೂ ಹೇಳುತ್ತಾರೆ. 1906ರಲ್ಲಿ ಗುರುದೀಕ್ಷೆ ದೊರೆಯಿತು. 1912ರಲ್ಲಿ ಬ್ರಸೆಲ್ಸಿನ ಲಾಕನ್ ಎಂಬ, ಕೂಲಿಕಾರರಿಂದ ಕಿಕ್ಕಿರಿದ ಧರ್ಮಕೇಂದ್ರಕ್ಕೆ ಅವನನ್ನು ಸಹಾಯಕ ಗುರುವಾಗಿ ಕಳುಹಿಸಿದರು.

ಅಲ್ಲಿ ಅವನು ಮೊದಲು ಕೈಹಿಡಿದದ್ದು ಹೊಲಿಗೆಯ ಕೆಲಸದಲ್ಲಿ ಜೀವನ ಸವೆಸುತ್ತಿದ್ದ ಹುಡುಗಿಯರನ್ನು ಎಂಬ ಸಂಗತಿಯನ್ನು ನಮ್ಮ ಹಿರಿಯರು ವಿಶೇಷವಾಗಿ ಗಮನಿಸತಕ್ಕದ್ದು. ಅವರನ್ನು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿಸಿ ಅವನು ಉಪದೇಶ ಹೇಳಲಿಲ್ಲ, ಪ್ರಶ್ನೆ ಕೇಳಿದನು. ಕೆಲಸಕ್ಕೆ ಎಷ್ಟು ಹೊತ್ತಿಗೆ ಹೊರಡುತ್ತೀರಿ, ಕೂಲಿ ಎಷ್ಟು, ಕೆಲಸ ಕಲಿಸಿದವರು ಯಾರು, ಯಜಮಾನನು ಹೇಗೆ ನಡೆಸಿಕೊಳ್ಳುತ್ತಾನೆ, ಜೊತೆಯವಳು ಕಾಯಿಲೆ ಬಿದ್ದರೆ ಅವಳ ಗತಿಯೇನು ಎಂಬಂಥ, ಯಾವ ಧರ್ಮಬೋಧೆಯ ಪುಸ್ತಕದಲ್ಲಿಯೂ ಇಲ್ಲದ ಪ್ರಶ್ನೆಗಳಿಗೆ ಅವರೇ ವಿಚಾರಿಸಿ ತಿಳಿದು ಉತ್ತರ ತರಬೇಕಾಗಿತ್ತು. ತಂದ ಸಂಗತಿಗಳನ್ನು ಸುವಾರ್ತೆಯ ಬೆಳಕಿನಲ್ಲಿಟ್ಟು, ಇದು ಹೀಗಿರುವುದು ದೇವರ ಇಚ್ಛೆಗೆ ಒಪ್ಪತಕ್ಕದ್ದೆ ಎಂದು ತೂಗಿನೋಡುವುದು ಎರಡನೆಯ ಹೆಜ್ಜೆ. ಮುಂದಿನ ವಾರದೊಳಗೆ ತಮ್ಮ ಕೈಯಿಂದ ಆಗುವ ಒಂದು ಕೆಲಸವನ್ನು, ಅದೆಷ್ಟು ಚಿಕ್ಕದಾದರೂ ಸರಿ, ಗೊತ್ತುಮಾಡಿ ನಡೆಸುವುದು ಮೂರನೆಯದು. ನೋಡು, ವಿವೇಚಿಸು, ಕಾರ್ಯಮಾಡು ಎಂದು ಇಂದು ಲೋಕದ ಎಲ್ಲ ಕಡೆಯ ಘಟಕಗಳಲ್ಲಿಯೂ ಪ್ರಸಿದ್ಧವಾಗಿರುವ ಕ್ರಮ ಇದೇ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಅವನನ್ನು ಸೆರೆಯಲ್ಲಿಟ್ಟರು. ಬಿಡುಗಡೆಯಾದ ಮೇಲೆ ಫರ್ನಾಂ ಟೊನೆ, ಪೌಲ್ ಗಾರ್ಸೆ, ಜಾಕ್ ಮೀರ್ಟ್ ಎಂಬ ತರುಣರ ಜೊತೆಯಲ್ಲಿ ಅವನು ಕಟ್ಟಿದ ಸಂಘಟನೆಯೇ 1925ರ ಹೊತ್ತಿಗೆ ಯುವ ಕ್ರೈಸ್ತ ಕಾರ್ಮಿಕರ ಚಳವಳಿಯಾಗಿ, ಅದೇ ವರ್ಷ ಹನ್ನೊಂದನೆಯ ಪಿಯುಸ್ ಪೋಪರ ಬೆಂಬಲವನ್ನೂ ಪಡೆಯಿತು. ಆ ಮೂವರಲ್ಲಿ ಟೊನೆ ಮತ್ತು ಗಾರ್ಸೆ 1945ರಲ್ಲಿ ನಾಜಿಗಳ ದಾಖಾವ್ ಶಿಬಿರದಲ್ಲಿ ಪ್ರಾಣಬಿಟ್ಟರು. ಕೂಲಿಹುಡುಗರ ಕಷ್ಟಸುಖಗಳನ್ನು ಕೇಳಿ ಬರೆದುಕೊಳ್ಳುವ ಸಾಮಾನ್ಯ ಕೆಲಸದಿಂದ ತೊಡಗಿದ ಬಾಳು ಎಲ್ಲಿಯವರೆಗೆ ನಿಲ್ಲಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ತಿಳಿಯದು.

1957ರಲ್ಲಿ ಈ ಚಳವಳಿಯ 30,000ಕ್ಕೂ ಹೆಚ್ಚು ಮಂದಿ ಯುವ ಕಾರ್ಮಿಕರು ರೋಮಿನಲ್ಲಿ ಸೇರಿದರು. 1961ರಲ್ಲಿ ಇಪ್ಪತ್ತಮೂರನೆಯ ಯೋವಾನ್ನ ಪೋಪರು ಹೊರಡಿಸಿದ ‘ಮಾತೆರ್ ಎತ್ ಮಜಿಸ್ತ್ರ’ ಎಂಬ ವಿಶ್ವಪತ್ರದಲ್ಲಿ ಆ ಮೂರು ಹೆಜ್ಜೆಗಳ ಕ್ರಮವನ್ನೇ ಸಾಮಾಜಿಕ ಕಾರ್ಯಕ್ಕೆ ಮಾರ್ಗವೆಂದು ಧರ್ಮಸಭೆ ಒಪ್ಪಿಕೊಂಡಿತು. ಕಾರ್ಡೈನನಿಗೆ 1965ರಲ್ಲಿ ಕಾರ್ಡಿನಲ್ ಪದವಿ ಬಂತು, ಎರಡು ವರ್ಷಗಳ ಮೇಲೆ ಮರಣವೂ ಬಂತು. ನಮ್ಮ ವೈ.ಸಿ.ಎಸ್. ಮಕ್ಕಳು ಇಂದು ತಮ್ಮ ಸಭೆಗಳಲ್ಲಿ ಅನುಸರಿಸುವ ಪದ್ಧತಿ ಆ ಬೇರಿನಿಂದಲೇ ಒಡೆದುದು. ಹುಡುಗರಿಗೆ ಇದನ್ನು ಯಾರಾದರೂ ಕಥೆಯಾಗಿ ಹೇಳುತ್ತಾರೆಯೋ ಇಲ್ಲವೋ, ಹೇಳತಕ್ಕದ್ದಂತೂ ಅವಶ್ಯ.

ಈ ಕ್ರಮದಿಂದ ವ್ಯಕ್ತಿಯಲ್ಲಿ ಆಗುವ ಬೆಳವಣಿಗೆ ಎಂಥದೆಂದು ಕೇಳುವವರಿಗೆ ನಾನು ಹತ್ತಿರದಿಂದ ಕಂಡ ಒಂದು ಘಟಕದ ವಿಚಾರವನ್ನು ಹೇಳಬಹುದು. ನಾನು ಬೋಧಕನಾಗಿದ್ದ ಕಾಲದಲ್ಲಿ ನಮ್ಮ ಕರಾವಳಿಯ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ, ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರು ಬೀಡಿ ಕಟ್ಟುವ ಮನೆಗಳನ್ನು ತಮ್ಮ ವಿಚಾರಣೆಗೆ ಆರಿಸಿಕೊಂಡರು. ಆ ಕಡೆಗಳಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಸುತ್ತುವ ಹೆಂಗಸರಿಲ್ಲದ ಕೇರಿಯೇ ಅಪರೂಪ. ಮಕ್ಕಳಿಗೆ ಅದು ಎಷ್ಟು ಪರಿಚಿತವಾದ ನೋಟವೆಂದರೆ ಅವರು ಅದನ್ನು ಎಂದೂ ನೋಡಿಯೇ ಇರಲಿಲ್ಲವೆನ್ನಬೇಕು. ಅವರಲ್ಲಿ ಕೆಲವರ ತಾಯಂದಿರೇ ಬೀಡಿ ಕಟ್ಟಿ ಅವರ ಶಾಲೆಯ ಶುಲ್ಕ ಕಟ್ಟುತ್ತಿದ್ದರು. ಮನೆಮನೆಗೂ ಹೋಗಿ, ಜಗಲಿಯಲ್ಲಿ ಕುಳಿತು, ಒಂದು ಸಾವಿರಕ್ಕೆ ಸಿಗುವ ಮಜೂರಿ ಎಷ್ಟು, ದಿನಕ್ಕೆ ಎಷ್ಟು ಕಟ್ಟಲಾದೀತು, ಚೆನ್ನಾಗಿಲ್ಲವೆಂದು ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ತೆಗೆದುಹಾಕುವುದೆಷ್ಟು, ಕೊಟ್ಟ ಬೀಡಿಯ ಲೆಕ್ಕ ಬರೆಯುವ ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಕೇಳಿ ಬರೆದುಕೊಂಡಾಗ ಅವರಿಗೆ ಒಂದು ಸಂಗತಿ ಹೊಳೆಯಿತು: ಎಷ್ಟೋ ಹೆಂಗಸರಿಗೆ ತಮ್ಮ ಹೆಸರಿನ ಪುಸ್ತಕವೇ ಇಲ್ಲ, ನೆರೆಯವರ ಪುಸ್ತಕದಲ್ಲಿ ಬೀಡಿ ಕೊಡುತ್ತಾರೆ, ಆದುದರಿಂದ ಭವಿಷ್ಯನಿಧಿಯೂ ಇಲ್ಲ, ಕಾರ್ಮಿಕರೆಂಬ ಗುರುತಿನ ಚೀಟಿಯೂ ಇಲ್ಲ, ಚೀಟಿಯಿಲ್ಲದ್ದರಿಂದ 1976ರ ಬೀಡಿ ಕಾರ್ಮಿಕರ ಕಲ್ಯಾಣನಿಧಿ ಕಾಯಿದೆಯಂತೆ ಅವರ ಮಕ್ಕಳಿಗೆ ಸಲ್ಲಬೇಕಾದ ವಿದ್ಯಾರ್ಥಿವೇತನವೂ ಇಲ್ಲ.

ಆ ಮೇಲಿನ ಸಭೆಯಲ್ಲಿ ಅವರು ಓದಿದ್ದು ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು. ಚಿಕ್ಕಂದಿನಿಂದ ಭಾನುವಾರದ ಪೂಜೆಯಲ್ಲಿ ಕೇಳಿ ಕೇಳಿ ಸವೆದಿದ್ದ ಆ ಕಥೆ ಅಂದು ಅವರಿಗೆ ತಮ್ಮ ಕೇರಿಯ ಕಥೆಯಾಗಿ ಕೇಳಿಸಿತು. ಕೂಲಿಯ ವಿಚಾರ ಧರ್ಮದ ವಿಚಾರವೇ ಎಂದು ಒಬ್ಬ ಹುಡುಗನು ಕೇಳಿದ ಪ್ರಶ್ನೆಯ ಸುತ್ತ ಬಹಳ ಹೊತ್ತು ಚರ್ಚೆ ನಡೆಯಿತು. ಅವರ ಸಚೇತಕರಾಗಿ, ಎಂದರೆ ಘಟಕದ ಮಾರ್ಗದರ್ಶಕರಾಗಿ, ಇದ್ದ ಶಿಕ್ಷಕಿ ಆ ಚರ್ಚೆಯನ್ನು ತಾವು ಮುಗಿಸಿಕೊಡಲಿಲ್ಲ. ಉತ್ತರ ತಮಗೆ ಗೊತ್ತಿದ್ದರೂ ತುಟಿ ಬಿಗಿಹಿಡಿದು ಕುಳಿತರು. ಇಂಥ ಕಾರ್ಯಕ್ರಮಗಳಲ್ಲಿ ಹಿರಿಯರು ಅಭ್ಯಾಸ ಮಾಡತಕ್ಕ ವಿದ್ಯೆಗಳಲ್ಲಿ ಅತ್ಯಂತ ಕಠಿನವಾದುದು ಈ ಮೌನ. ಹುಡುಗರು ತಾವಾಗಿಯೇ ಒಂದು ನಿರ್ಣಯಕ್ಕೆ ಬಂದರು. ಗುರುತಿನ ಚೀಟಿಗೆ ಬೇಕಾದ ಅರ್ಜಿಗಳು ಎಲ್ಲಿ ಸಿಗುತ್ತವೆಂದು ತಿಳಿದು, ತಂದು, ತುಂಬಿ, ಭಾವಚಿತ್ರ ಅಂಟಿಸಿ, ಕಚೇರಿಗೆ ಅಲೆದು, ತಿರುಗಿ ಬಂದ ಅರ್ಜಿಗಳನ್ನು ಮತ್ತೆ ತುಂಬಿ, ಮಳೆಗಾಲ ಪೂರ್ತಿ ಅದೇ ಕೆಲಸವಾಯಿತು. ಎಲ್ಲರಿಗೂ ಚೀಟಿ ಸಿಕ್ಕಿತೆಂದಲ್ಲ. ಕೆಲವರಿಗೆ ಸಿಕ್ಕಿತು, ಆ ಕೆಲವರಲ್ಲಿ ಹಿಂದೂ ಮನೆಗಳೂ ಮುಸಲ್ಮಾನರ ಮನೆಗಳೂ ಕ್ರೈಸ್ತರಿಗಿಂತ ಹೆಚ್ಚಾಗಿಯೇ ಇದ್ದವು.

ಆ ಗುಂಪಿನಲ್ಲಿ ಒಬ್ಬ ಹುಡುಗಿಯಿದ್ದಳು. ತರಗತಿಯಲ್ಲಿ ಹೆಸರು ಕೂಗಿದರೆ ‘ಹಾಜರ್’ ಎನ್ನುವುದಕ್ಕೂ ತಡವರಿಸುವ ಸ್ವಭಾವದವಳು. ಅವಳಿಗೆ ಭಾಷಣಕಲೆಯನ್ನು ಯಾರೂ ಕಲಿಸಲಿಲ್ಲ. ಆ ವರ್ಷದ ಗ್ರಾಮಸಭೆಯಲ್ಲಿ, ಅರ್ಜಿಗಳು ಎಲ್ಲಿ ನಿಂತಿವೆಯೆಂಬ ಪ್ರಶ್ನೆ ಬಂದು, ದೊಡ್ಡವರು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದಾಗ, ಅವಳು ಎದ್ದುನಿಂತು ಯಾವ ಮನೆಯ ಅರ್ಜಿ ಯಾವ ಕಾರಣಕ್ಕೆ ತಿರುಗಿ ಬಂದಿದೆಯೆಂಬುದನ್ನು ಒಂದೊಂದಾಗಿ ಹೇಳಿ ಕುಳಿತಳು. ಸ್ವರ ನಡುಗುತ್ತಿತ್ತು, ಸಂಗತಿ ನಡುಗಲಿಲ್ಲ. ಹೇಳತಕ್ಕದ್ದು ಇದ್ದವರಿಗೆ ಹೇಳುವ ಧೈರ್ಯ ತಾನಾಗಿ ಒದಗುವುದು. ಹೇಳತಕ್ಕದ್ದೇನೂ ಇಲ್ಲದವರಿಗೆ ವೇದಿಕೆಯ ಮೇಲೆ ನಿಲ್ಲುವ ಭಂಗಿಯನ್ನು ಕಲಿಸಿದರೆ ಅವರು ಭಂಗಿಯನ್ನೇ ನಾಯಕತ್ವವೆಂದು ತಿಳಿದು ಬೆಳೆದಾರು. ತಂದೆತಾಯಿಗಳು ಶಿಬಿರದಿಂದ ಅಪೇಕ್ಷಿಸುವ ಫಲ ಆ ಹುಡುಗಿಗೆ ದೊರೆಯಿತು, ಆದರೆ ಅದು ಅವಳ ಲಕ್ಷ್ಯ ಬೇರೊಂದು ಕಡೆಗೆ ಇದ್ದಾಗ ದೊರೆಯಿತು. ಸ್ವಂತದ ಏಳಿಗೆಯನ್ನೇ ನೇರವಾಗಿ ಬೆನ್ನಟ್ಟುವ ತರಬೇತಿಗೆ ಈ ಭಾಗ್ಯ ಸುಲಭವಾಗಿ ಲಭಿಸದೆಂಬುದು ನನ್ನ ದೃಢವಾದ ನಂಬುಗೆ.

ನಮ್ಮ ದೇಶದ ಚರಿತ್ರೆಯಲ್ಲಿಯೂ ಇದಕ್ಕೆ ಆಧಾರಗಳಿವೆ. ತಿರುನೆಲ್ವೇಲಿ ಸೀಮೆಯ ಹಳ್ಳಿಯಿಂದ ಬಂದ ವಿ. ಎಸ್. ಅಜರಯ್ಯನವರು ತಾರುಣ್ಯದ ಹಲವು ವರ್ಷಗಳನ್ನು ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿ ದಕ್ಷಿಣ ಭಾರತದ ಊರೂರು ತಿರುಗುವುದರಲ್ಲಿ ಕಳೆದವರು. ವಿದೇಶೀಯರ ಹಣಕ್ಕೂ ಅಪ್ಪಣೆಗೂ ಕಾಯದೆ ಭಾರತೀಯರೇ ನಡೆಸತಕ್ಕ ಸೇವಾಸಂಸ್ಥೆಗಳನ್ನು 1903ರಲ್ಲಿಯೂ 1905ರಲ್ಲಿಯೂ ಕಟ್ಟುವುದರಲ್ಲಿ ಮುಂದಾದ ಅವರು, 1910ರಲ್ಲಿ ಎಡಿನ್‌ಬರೋ ನಗರದ ಜಾಗತಿಕ ಸಮ್ಮೇಳನದಲ್ಲಿ, ಭಾರತದ ಸಭೆಗೆ ಬೇಕಾದುದು ಪಾಶ್ಚಾತ್ಯರ ತ್ಯಾಗ, ದಾನಗಳಿಗಿಂತ ಮಿಗಿಲಾಗಿ ಅವರ ಸಮಾನ ಸ್ನೇಹವೆಂದು ನಿರ್ಭಯವಾಗಿ ಹೇಳಿದರು. ಎರಡು ವರ್ಷಗಳ ಮೇಲೆ ಭಾರತದ ಮೊತ್ತಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ಪರಾದರು. ಸೇಲಂನಲ್ಲಿ ಹುಟ್ಟಿದ ಕೆ. ಟಿ. ಪಾಲ್ ಅವರು 1916ರಲ್ಲಿ ವೈ.ಎಂ.ಸಿ.ಎ.ಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದ ಮೊದಲ ಭಾರತೀಯರು. ಪಟ್ಟಣದ ವಿದ್ಯಾವಂತ ಯುವಕರ ಕ್ಲಬ್ಬಿನಂತೆ ಕಾಣುತ್ತಿದ್ದ ಆ ಸಂಸ್ಥೆಯನ್ನು ಅವರು ಹಳ್ಳಿಯ ಸಾಲಗಾರ ರೈತನ ಬಳಿಗೆ ಕರೆದೊಯ್ದು, ಸಹಕಾರ ಪತ್ತಿನ ಸಂಘಗಳ ಮೂಲಕ ಗ್ರಾಮಪುನರ್ನಿರ್ಮಾಣದ ಕಾರ್ಯವನ್ನು ಹೂಡಿದರು. ಇನ್ನು ಎಂ. ಎಂ. ಥಾಮಸರು ಕೇರಳದವರಾದರೂ ನಮ್ಮ ಬೆಂಗಳೂರಿಗೆ ಚಿರಪರಿಚಿತರು. ವಿದ್ಯಾರ್ಥಿ ಕ್ರೈಸ್ತ ಚಳವಳಿಯ ವಾತಾವರಣದಲ್ಲಿ ಪಳಗಿದ ಅವರು ಇಲ್ಲಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ಬಹುಕಾಲ ನಡೆಸಿ, ಜಾಗತಿಕ ಸಭೆಗಳ ಒಕ್ಕೂಟದ ಕೇಂದ್ರ ಸಮಿತಿಗೆ ಅಧ್ಯಕ್ಷರಾಗಿ, 1975ರ ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದರು. ಈ ಮೂವರಲ್ಲಿ ಯಾರನ್ನೂ ವಾರಾಂತ್ಯದ ತರಬೇತಿ ರೂಪಿಸಲಿಲ್ಲ. ಇನ್ನೂ ಅನುಭವ ಸಾಲದ ವಯಸ್ಸಿನಲ್ಲಿಯೇ ಅವರಿಗೆ ಜನರ ಹೊಣೆ ಬಂತು, ಬಂದ ಹೊಣೆ ಅವರನ್ನು ತಿದ್ದಿತು.

ಈಗ ನಮ್ಮ ಧರ್ಮಕೇಂದ್ರಗಳ ಸ್ಥಿತಿಯನ್ನು ನೋಡಿದರೆ ಮನಸ್ಸಿಗೆ ಬೇಸರವಾಗುತ್ತದೆ. ಯುವಕರನ್ನು ಕರೆಯುವುದೇನೋ ಉಂಟು: ಹಬ್ಬದ ದಿನ ಕುರ್ಚಿ ಹಾಕುವುದಕ್ಕೆ, ವಾಹನಗಳಿಗೆ ದಾರಿ ತೋರಿಸುವುದಕ್ಕೆ, ಊಟ ಬಡಿಸುವುದಕ್ಕೆ, ಕ್ರಿಸ್ಮಸ್ಸಿನ ಗೋದಲಿ ಕಟ್ಟುವುದಕ್ಕೆ. ಇವೂ ಸೇವೆಗಳೇ, ಹೀನವೆಂದು ನಾನು ಹೇಳಲಾರೆ. ಆದರೆ ಧರ್ಮಕೇಂದ್ರದ ಹಣ ಎಲ್ಲಿಗೆ ಹೋಗಬೇಕು, ಯಾರ ಮನೆಗೆ ಸಹಾಯ ತಲಪಬೇಕು, ಶಾಲೆಯ ಶುಲ್ಕ ಎಷ್ಟಿರಬೇಕು ಎಂಬ ವಿಚಾರ ಬಂದಾಗ ಅದೇ ಯುವಕನು ಇನ್ನೂ ಹುಡುಗನಾಗಿಬಿಡುತ್ತಾನೆ. ಮೂವತ್ತರ ಹತ್ತಿರ ಬಂದು, ಮನೆಯ ಸಂಸಾರವನ್ನೂ ಕಚೇರಿಯ ಲೆಕ್ಕವನ್ನೂ ಹೊತ್ತು ನಡೆಸುವವನು ಧರ್ಮಕೇಂದ್ರದ ಸಭೆಯಲ್ಲಿ ಮಾತ್ರ ಅಪ್ರಾಪ್ತವಯಸ್ಕ. ಹುಡುಗಿಯರ ಪಾಡು ಇದಕ್ಕಿಂತ ಕಡೆ. ಘಟಕದ ಕಾರ್ಯದರ್ಶಿಯಾಗಿ ವರದಿ ಬರೆಯುವವಳು ಅವಳು, ಅಧ್ಯಕ್ಷನಾಗಿ ಓದುವವನು ಅವನು ಎಂಬ ಏರ್ಪಾಟು ಅದೆಷ್ಟೋ ಕಡೆಗಳಲ್ಲಿ ಪ್ರಶ್ನೆಯಿಲ್ಲದೆ ನಡೆಯುತ್ತದೆ. ಹೀಗೆ ಹೊಣೆಯಿಂದ ದೂರವಿಟ್ಟು, ಆ ಕೊರತೆಯನ್ನು ತುಂಬುವುದಕ್ಕೆ ನಾಯಕತ್ವ ಶಿಬಿರವನ್ನು ಏರ್ಪಡಿಸುವುದು, ನೀರಿಗಿಳಿಯಲು ಬಿಡದೆ ದಡದಲ್ಲಿ ನಿಲ್ಲಿಸಿ ಈಜು ಕಲಿಸಿದಂತೆ.

ಯುವಜನರು ಚರ್ಚಿನಿಂದ ದೂರ ಸರಿಯುತ್ತಿದ್ದಾರೆ, ದುಬೈಗೆ, ಕೆನಡಾಕ್ಕೆ, ಬೆಂಗಳೂರಿಗೆ ಹೊರಟುಹೋಗುತ್ತಿದ್ದಾರೆ, ಉಳಿದವರಿಗೆ ಆಸಕ್ತಿಯಿಲ್ಲ ಎಂದು ಹಿರಿಯರು ಕೊರಗುವುದನ್ನು ನಾನು ಕೇಳಿದ್ದೇನೆ. ಹೊಟ್ಟೆಪಾಡಿಗೆ ಹೋಗುವವರನ್ನು ಯಾರೂ ತಡೆಯಲಾರರು. ಉಳಿದವರ ಅನಾಸಕ್ತಿಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇಸಾಯಕ್ಕೆ ಆಳು ಸಿಗದೆ ಹಡಿಲು ಬಿದ್ದ ಗದ್ದೆಗಳಿಗೆ ಇಳಿದು, ಕೆಸರಿನಲ್ಲಿ ನೇಜಿ ನೆಟ್ಟು ಬೆಳೆ ತೆಗೆದ ಯುವಘಟಕಗಳು ಕರಾವಳಿಯಲ್ಲಿವೆ. ಕೊರೋನಾ ಕಾಲದಲ್ಲಿ ಸ್ವಂತ ಬಂಧುಗಳೇ ಮುಟ್ಟಲು ಅಂಜಿದ ಶವಗಳಿಗೆ, ಜಾತಿ ಮತಗಳನ್ನು ಕೇಳದೆ, ಹೆಗಲುಕೊಟ್ಟ ತರುಣರು ಎಲ್ಲ ಧರ್ಮಗಳಲ್ಲಿದ್ದಂತೆ ಇವರಲ್ಲಿಯೂ ಇದ್ದರು. ಕೆಲಸ ನಿಜವಾದುದಾಗಿದ್ದಾಗ ಇವರು ಬಂದರು. ಬಾರದಿದ್ದುದು ಅಲಂಕಾರಕ್ಕೆ ಕರೆದಾಗ.

ಕ್ರೈಸ್ತೇತರ ಓದುಗರಲ್ಲಿ ಕೆಲವರಿಗೆ ಇಂಥ ಕಾರ್ಯಕ್ರಮಗಳ ವಿಚಾರದಲ್ಲಿ ಸಂಶಯವಿರುವುದು ನನಗೆ ತಿಳಿಯದ ಸಂಗತಿಯಲ್ಲ. ಧರ್ಮದ ಹೆಸರಿನಲ್ಲಿ ಯುವಕರನ್ನು ಸಂಘಟಿಸುವುದೆಂದರೆ ಅವರನ್ನು ನೆರೆಹೊರೆಯಿಂದ ಬೇರ್ಪಡಿಸುವುದಲ್ಲವೆ, ಇಲ್ಲವೆ ನೆರೆಹೊರೆಯನ್ನು ತಮ್ಮತ್ತ ಸೆಳೆಯುವ ಹಂಚಿಕೆಯಲ್ಲವೆ ಎಂಬುದು ಅವರ ಪ್ರಶ್ನೆ. ಯಾವ ಧರ್ಮದ ಯುವಸಂಘಟನೆಯನ್ನೇ ಆಗಲಿ ಈ ಪ್ರಶ್ನೆಯಿಂದ ಪರೀಕ್ಷಿಸತಕ್ಕದ್ದು ನ್ಯಾಯವೇ. ಆದರೆ ಬೀಡಿಯ ಮನೆಗಳಿಗೆ ಹೋದ ಆ ಮಕ್ಕಳು ಮತವನ್ನು ಕೊಡಲು ಹೋಗಲಿಲ್ಲ, ತೆಗೆದುಕೊಳ್ಳಲೂ ಹೋಗಲಿಲ್ಲ. ತಮ್ಮ ಶ್ರದ್ಧೆಯ ಒತ್ತಾಯದಿಂದಲೇ ಹೊರಟು, ನೆರೆಯವರ ಶ್ರದ್ಧೆಗೆ ಕೈಹಾಕದೆ, ಅವರ ಅರ್ಜಿಯನ್ನು ತುಂಬಿಕೊಟ್ಟು ಮರಳಿದರು. ವೈ.ಸಿ.ಎಸ್. ಜೊತೆಗೆ ಅನ್ಯಧರ್ಮೀಯ ವಿದ್ಯಾರ್ಥಿಗಳೂ ತಮ್ಮ ಶ್ರದ್ಧೆಯಲ್ಲಿಯೇ ಇದ್ದು ಸೇರಬಹುದಾದ ವೈ.ಎಸ್.ಎಂ. ಎಂಬ ರೂಪವನ್ನು ನಮ್ಮ ದೇಶದಲ್ಲಿ ಕಲ್ಪಿಸಿಕೊಂಡಿರುವುದು ಈ ವಿವೇಕದಿಂದಲೇ. ಸುವಾರ್ತೆಯನ್ನು ತೆಗೆದುಹಾಕಿ ಬರಿಯ ಸಮಾಜಸೇವೆಯನ್ನು ಉಳಿಸಿಕೊಳ್ಳಿರೆಂದು ಸಲಹೆಕೊಡುವವರೂ ಉಂಟು. ಅದನ್ನು ನಾನು ಒಪ್ಪಲಾರೆ. ಮಳೆಯಲ್ಲಿ ನೆನೆದು ಕಚೇರಿಯಿಂದ ಬರಿಗೈಯಲ್ಲಿ ಮರಳಿದ ದಿನ ಆ ಹುಡುಗರನ್ನು ಮಾರನೆಯ ವಾರ ಮತ್ತೆ ಹೊರಡಿಸಿದ್ದು ಯಾವ ಸಮಾಜಶಾಸ್ತ್ರವೂ ಅಲ್ಲ, ಒಟ್ಟಿಗೆ ಕುಳಿತು ಮಾಡಿದ ಪ್ರಾರ್ಥನೆ. ಅದನ್ನು ಕಂಡವನಾಗಿ ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ.

ಹಾಗಾದರೆ ಮಾಡತಕ್ಕದ್ದೇನು? ಶಿಬಿರಗಳನ್ನು ನಿಲ್ಲಿಸಬೇಕಾಗಿಲ್ಲ, ಅವು ವರ್ಷಪೂರ್ತಿ ನಡೆಯುವ ಕೆಲಸಕ್ಕೆ ಬಾಗಿಲಾಗಲಿ. ಪ್ರತಿಯೊಂದು ಘಟಕವೂ ತನ್ನ ವಾಳೆಯ (ಧರ್ಮಕೇಂದ್ರದ ವಿಭಾಗದ) ಒಂದು ನಿಜವಾದ ಕಷ್ಟವನ್ನು ಆರಿಸಿಕೊಂಡು, ಅದು ಮುದುಕರ ಒಂಟಿತನವಾಗಬಹುದು, ಕುಡಿತದ ಸಾಲವಾಗಬಹುದು, ಬೇರೆ ರಾಜ್ಯದಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳ ಓದಾಗಬಹುದು, ಎರಡು ಮೂರು ವರ್ಷ ಅದರ ಬೆನ್ನುಹತ್ತಲಿ. ಸಚೇತಕರನ್ನು ಆರಿಸುವಾಗ ಚೆನ್ನಾಗಿ ಮಾತನಾಡುವವರಿಗಿಂತ ತಾಳ್ಮೆಯಿಂದ ಕೇಳುವವರನ್ನು ಹುಡುಕಬೇಕು. ತಪ್ಪುಗಳಾಗುತ್ತವೆ, ಲೆಕ್ಕದಲ್ಲಿ ನಾಲ್ಕು ಕಾಸು ಹೆಚ್ಚುಕಡಮೆಯಾದೀತು, ಯಾವುದೋ ಅಧಿಕಾರಿಯೊಡನೆ ಬಿರುಸಾದ ಮಾತು ಬಂದೀತು. ಅಷ್ಟಕ್ಕೇ ಕೆಲಸವನ್ನು ಕಸಿದುಕೊಂಡರೆ ಅವರು ಮುಂದೆ ಯಾವ ಕೆಲಸಕ್ಕೂ ಕೈಯಿಡರು.

ಎಲ್ಲಕ್ಕಿಂತ ಮೊದಲು ಪಾಲನಾ ಮಂಡಳಿಗಳು ತಮ್ಮ ವಾರ್ಷಿಕ ಆಯವ್ಯಯದಲ್ಲಿ ಒಂದು ಮೊತ್ತವನ್ನು, ಅದು ಹಬ್ಬದ ದೀಪಾಲಂಕಾರದ ಖರ್ಚಿಗಿಂತ ಕಡಮೆಯದಾಗದಿರಲಿ, ಯುವಘಟಕದ ಕೈಗೆ ಪೂರ್ಣವಾಗಿ ಒಪ್ಪಿಸಿ, ಅದನ್ನು ಯಾರ ಕಷ್ಟಕ್ಕೆ ಹೇಗೆ ವಿನಿಯೋಗಿಸಬೇಕೆಂಬ ನಿರ್ಣಯವನ್ನೂ ಅವರಿಗೇ ಬಿಟ್ಟು, ವರ್ಷದ ಕೊನೆಯಲ್ಲಿ ಇಡೀ ಧರ್ಮಕೇಂದ್ರದ ಎದುರಿನಲ್ಲಿ ಲೆಕ್ಕ ಒಪ್ಪಿಸುವಂತೆ ಗೊತ್ತುಮಾಡಲಿ. ಆ ಲೆಕ್ಕವನ್ನು ಬರೆದವಳೇ ಎದ್ದುನಿಂತು ಓದಲಿ. ಮುಂದಿನ ಬೇಸಗೆಯ ಶಿಬಿರದ ಕರಪತ್ರ ಅಚ್ಚಿಗೆ ಹೋಗುವುದಕ್ಕೆ ಮುಂಚೆ ಈ ಒಂದು ನಿರ್ಣಯವನ್ನು ಅಂಗೀಕರಿಸುವುದಕ್ಕೆ ಯಾವ ತರಬೇತುದಾರನೂ ಬೇಕಾಗಿಲ್ಲ.